ದವಡೆಯನ್ನು ಮುಂದಕ್ಕೆ ತರಲು ಬೆಳಕಿನ ಚಿಕಿತ್ಸೆ ನೆರವಾದೀತೇ?

ಪ್ರಶ್ನೆ: ನನ್ನ ಮಗಳಿಗೆ 12 ವರ್ಷ. ಮೇಲಿನ ಮುಂಬಲ್ಲುಗಳು ಉಬ್ಬಿಕೊಂಡಿವೆ, ಗದ್ದ ಹಿಂದೆ ಸರಿದಂತೆ ಕಾಣುತ್ತದೆ. ಎಕ್ಸ್-ರೇ ನೋಡಿದ ವೈದ್ಯರು ಕೆಳದವಡೆ ಹಿಂದಿದೆ ಎಂದು ಹೇಳಿ, ಕ್ಲಿಪ್ ಹಾಕುವ ಮೊದಲು ಟ್ವಿನ್ ಬ್ಲಾಕ್ ಎಂಬ ಪ್ಲೇಟನ್ನು ಒಂದು ವರ್ಷ ಹಾಕಿಕೊಳ್ಳಬೇಕು ಎಂದಿದ್ದಾರೆ. ಇನ್ನೊಂದು ಕ್ಲಿನಿಕ್ಕಿನಲ್ಲಿ, ಪ್ಲೇಟಿನ ಜೊತೆಗೆ ಲೇಸರ್ ಬೆಳಕಿನ ಚಿಕಿತ್ಸೆ ಪಡೆದರೆ ದವಡೆ ಬೇಗ ಬೆಳೆಯುತ್ತದೆ, ಅರ್ಧ ಸಮಯದಲ್ಲಿ ಮುಗಿಯುತ್ತದೆ ಎಂದು ಹೇಳಿ ಪ್ರತ್ಯೇಕ ಶುಲ್ಕ ತಿಳಿಸಿದರು. ಇದು ನಿಜವೇ? ಮಗುವಿನ ಕಣ್ಣಿಗೆ, ಮಿದುಳಿಗೆ ತೊಂದರೆಯಾಗುವುದಿಲ್ಲವೇ? ನನಗೂ 38ನೇ ವಯಸ್ಸಿನಲ್ಲಿ ಇದೇ ಬಗೆಯ ದವಡೆ ಇದೆ. ನನಗೆ ಬೆಳಕಿನಿಂದ ಪ್ರಯೋಜನವಾದೀತೇ?

ಉತ್ತರ: ಮೊದಲು ನಿಮ್ಮ ಮಗಳ ವಿಚಾರವನ್ನು ನೇರವಾಗಿ ಹೇಳಿಬಿಡುತ್ತೇನೆ. ಟ್ವಿನ್ ಬ್ಲಾಕ್ ಹಾಕಿಸಲು ಇದು ಒಳ್ಳೆಯ ವಯಸ್ಸು, ತಡಮಾಡಬೇಡಿ. ಬೆಳಕಿನ ಚಿಕಿತ್ಸೆಯಿಂದ ದವಡೆ ಹೆಚ್ಚು ಬೆಳೆಯುತ್ತದೆ ಅಥವಾ ಅವಧಿ ಅರ್ಧಕ್ಕೆ ಇಳಿಯುತ್ತದೆ ಎಂಬ ಮಾತನ್ನು ನಂಬಿ ಹಣ ಕೊಡಬೇಕಾಗಿಲ್ಲ. ಹಾಗೆಂದು ಈ ಚಿಕಿತ್ಸೆ ಬರೀ ಮೋಸವೆಂದು ತಳ್ಳಿಹಾಕುವುದೂ ಸರಿಯಲ್ಲ. ಅದಕ್ಕೆ ಗಟ್ಟಿಯಾದ ಜೀವವಿಜ್ಞಾನದ ತಳಹದಿಯಿದೆ, ಕೆಲವು ಕಡೆ ಸಣ್ಣ ಉಪಯೋಗವೂ ಇದೆ. ಆ ಉಪಯೋಗ ಎಲ್ಲಿದೆ, ಎಲ್ಲಿಲ್ಲ ಎಂಬುದು ಗೊತ್ತಾದರೆ ನೀವೇ ನಿರ್ಧರಿಸಬಹುದು.

ನಿಮ್ಮ ಮಗಳಿಗಿರುವ ತೊಂದರೆಯನ್ನು ನಾವು ಎರಡನೇ ವರ್ಗದ ದಂತಸಂಬಂಧ ಎನ್ನುತ್ತೇವೆ. ಅಮೆರಿಕದ ಎಡ್ವರ್ಡ್ ಆಂಗಲ್ 1899ರಲ್ಲಿ ಮೇಲಿನ ಮತ್ತು ಕೆಳಗಿನ ಮೊದಲ ಶಾಶ್ವತ ದವಡೆಹಲ್ಲುಗಳು ಒಂದರ ಮೇಲೊಂದು ಕೂರುವ ಬಗೆಯನ್ನು ನೋಡಿ ಮಾಡಿದ ಈ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. ಸಾಮಾನ್ಯವಾಗಿ ಮೇಲಿನ ಬಾಚಿಹಲ್ಲುಗಳು ಕೆಳಗಿನವುಗಳಿಗಿಂತ 2ರಿಂದ 3 ಮಿಲಿಮೀಟರ್ ಮುಂದಿರುತ್ತವೆ. ಎರಡನೇ ವರ್ಗದ ಮಕ್ಕಳಲ್ಲಿ ಈ ಅಂತರ ಎಂಟು, ಹತ್ತು ಮಿಲಿಮೀಟರಿನವರೆಗೂ ಹೋಗುವುದುಂಟು. ನೋಡುವವರಿಗೆ ಮೇಲಿನ ಹಲ್ಲು ಮುಂದೆ ಬಂದಂತೆ ಕಂಡರೂ ಬಹಳಷ್ಟು ಮಕ್ಕಳಲ್ಲಿ ನಿಜವಾದ ಕೊರತೆ ಇರುವುದು ಕೆಳದವಡೆಯಲ್ಲಿ. ಯಾವುದು ಮುಂದಿದೆ, ಯಾವುದು ಹಿಂದಿದೆ ಎಂಬುದನ್ನು ತಲೆಯ ಪಕ್ಕದಿಂದ ತೆಗೆಯುವ ಸೆಫಲೋಗ್ರಾಂ ಎಂಬ ಎಕ್ಸ್-ರೇ ತೋರಿಸುತ್ತದೆ. ಅದೇ ಚಿತ್ರದಲ್ಲಿ ಕತ್ತಿನ ಕಶೇರುಗಳ ಆಕಾರವೂ ಕಾಣುವುದರಿಂದ, ಮಗು ಬೆಳವಣಿಗೆಯ ಯಾವ ಹಂತದಲ್ಲಿದೆ ಎಂದು ಅಂದಾಜು ಮಾಡಬಹುದು. ಹುಡುಗಿಯರು ವೇಗವಾಗಿ ಎತ್ತರವಾಗುವ ಕಾಲ ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲೇ ಬರುತ್ತದೆ. ಆ ಕಾಲ ಕಳೆದುಹೋದರೆ ಪ್ಲೇಟಿನಿಂದ ದವಡೆಯಲ್ಲಿ ಸಿಗುವ ಲಾಭವೂ ಇಳಿಯುತ್ತದೆ. ತಡಮಾಡಬೇಡಿ ಎಂದು ನಾನು ಹೇಳಿದ್ದು ಈ ಕಾರಣಕ್ಕೆ.

ಕೆಳದವಡೆಯನ್ನು ಮುಂದಕ್ಕೆ ಹಿಡಿದಿಟ್ಟು ಅದು ಅಲ್ಲೇ ನೆಲೆಯೂರುವಂತೆ ಮಾಡುವ ಯೋಚನೆ ಹೊಸದಲ್ಲ. ಜರ್ಮನಿಯ ಎಮಿಲ್ ಹರ್ಬ್‌ಸ್ಟ್ 1905ರಲ್ಲೇ ಹಲ್ಲಿಗೆ ಅಂಟಿಸಿದ ಕೊಳವೆ-ಸರಳುಗಳ ಒಂದು ಸಾಧನವನ್ನು ತೋರಿಸಿದ್ದರು. ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ 1977ರಲ್ಲಿ ರೂಪಿಸಿದ ಟ್ವಿನ್ ಬ್ಲಾಕ್ ಇದೇ ಯೋಚನೆಯ ಸರಳ ರೂಪ. ಮೇಲೊಂದು, ಕೆಳಗೊಂದು ಅಕ್ರಿಲಿಕ್ ಪ್ಲೇಟ್ ಇರುತ್ತದೆ. ಎರಡರಲ್ಲೂ ಇಳಿಜಾರಾದ ದಿಮ್ಮಿಗಳಿದ್ದು, ಅವು ಸುಮಾರು 70 ಡಿಗ್ರಿ ಕೋನದಲ್ಲಿ ಒಂದಕ್ಕೊಂದು ಎದುರಾಗುತ್ತವೆ. ಮಗು ಬಾಯಿ ಮುಚ್ಚಬೇಕಾದರೆ ಕೆಳದವಡೆಯನ್ನು ಮುಂದಕ್ಕೆ ತಂದೇ ಮುಚ್ಚಬೇಕು. ತಿಂಗಳುಗಟ್ಟಲೆ ಹೀಗಿದ್ದಾಗ ಸ್ನಾಯುಗಳು ಹೊಸ ನೆಲೆಗೆ ಒಗ್ಗುತ್ತವೆ, ಹಲ್ಲುಗಳು ಸರಿಯುತ್ತವೆ, ಕಿವಿಯ ಮುಂದಿರುವ ದವಡೆಕೀಲಿನ ಮೃದ್ವಸ್ಥಿಯೂ ಒಂದಿಷ್ಟು ಸ್ಪಂದಿಸುತ್ತದೆ.

ಆ 'ಒಂದಿಷ್ಟು' ಎಷ್ಟು ಎಂಬುದರಲ್ಲೇ ನಿಮ್ಮ ಪ್ರಶ್ನೆಯ ತಿರುಳಿದೆ. ಬ್ರಿಟನ್ನಿನ ಹಲವು ಆಸ್ಪತ್ರೆಗಳು ಸೇರಿ 8ರಿಂದ 10 ವರ್ಷದ 174 ಮಕ್ಕಳ ಮೇಲೆ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಟ್ವಿನ್ ಬ್ಲಾಕ್ ಉಬ್ಬುಹಲ್ಲನ್ನು ಚೆನ್ನಾಗಿಯೇ ಸರಿಪಡಿಸಿತು. ಆದರೆ ಮುಂಬಲ್ಲುಗಳ ಅಂತರ ಕಡಿಮೆಯಾದುದರಲ್ಲಿ ದವಡೆಮೂಳೆಯ ಬದಲಾವಣೆಯ ಪಾಲು ಕಾಲುಭಾಗಕ್ಕಿಂತ ತುಸು ಹೆಚ್ಚು ಮಾತ್ರ ಇತ್ತು. ಉಳಿದದ್ದೆಲ್ಲ ಮೇಲಿನ ಹಲ್ಲುಗಳು ಹಿಂದಕ್ಕೆ, ಕೆಳಗಿನವು ಮುಂದಕ್ಕೆ ಬಾಗಿದ್ದರಿಂದ ಬಂದದ್ದು. ಇದನ್ನು ಕೇಳಿ ನಿರಾಶರಾಗಬೇಡಿ. ಹಲ್ಲುಗಳು ಸರಿಯಾಗಿ ಕೂತು, ತುಟಿಗಳು ತಾವಾಗಿ ಮುಚ್ಚಿಕೊಂಡು, ಆಟವಾಡುವಾಗ ಬಿದ್ದರೆ ಮುಂಬಲ್ಲು ಮುರಿಯುವ ಭಯ ತಗ್ಗುವುದು ದೊಡ್ಡ ಲಾಭವೇ. ಆದರೂ ಮೂಳೆಯಲ್ಲಿ ಸಿಗುವ ಲಾಭ ಚಿಕ್ಕದಾಗಿರುವುದರಿಂದಲೇ ಅದನ್ನು ಹೇಗಾದರೂ ಹೆಚ್ಚಿಸಬೇಕೆಂಬ ಆಸೆ ವೈದ್ಯರಲ್ಲೂ ಇದೆ. ಬೆಳಕಿನ ಚಿಕಿತ್ಸೆ ನಮ್ಮ ಕ್ಷೇತ್ರಕ್ಕೆ ಬಂದದ್ದು ಆ ಆಸೆಯ ಬೆನ್ನು ಹತ್ತಿಯೇ.

ಇಲ್ಲಿ ಹೇಳುತ್ತಿರುವ ಬೆಳಕು, ಹಲ್ಲಿನ ಸಿಮೆಂಟನ್ನು ಗಟ್ಟಿಮಾಡಲು ಬಳಸುವ ನೀಲಿ ಬೆಳಕಲ್ಲ, ಒಸಡು ಕತ್ತರಿಸುವ ಬಿಸಿ ಲೇಸರೂ ಅಲ್ಲ. ಇದು ಕೆಂಪು ಬಣ್ಣದ್ದು, ಇಲ್ಲವೇ ಕೆಂಪಿಗಿಂತ ಆಚೆಗಿನ, ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಸುಮಾರು 600ರಿಂದ 1000 ನ್ಯಾನೊಮೀಟರ್ ತರಂಗಾಂತರದ ಈ ಬೆಳಕು ಮಂದವಾಗಿರುವುದರಿಂದ ಅಂಗಾಂಶವನ್ನು ಸುಡುವುದಿಲ್ಲ. ಹಂಗೆರಿಯ ವೈದ್ಯ ಎಂಡ್ರೆ ಮೆಸ್ಟರ್ 1967ರ ಸುಮಾರಿಗೆ, ಕೂದಲು ಬೋಳಿಸಿದ ಇಲಿಗಳ ಮೈಮೇಲೆ ಮಂದ ಲೇಸರ್ ಹಾಯಿಸಿದಾಗ ಆ ಜಾಗದಲ್ಲಿ ಕೂದಲು ಬೇಗ ಬೆಳೆದದ್ದನ್ನು ಗಮನಿಸಿದರು. ಅಲ್ಲಿಂದ ಈ ವಿದ್ಯೆ ಶುರುವಾಯಿತು. ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳಲ್ಲಿ ಸೈಟೊಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವವಿದೆ. ಅದು ಈ ಬೆಳಕನ್ನು ಹೀರಿಕೊಂಡಾಗ ಕೋಶದ ಶಕ್ತಿಯ ಉತ್ಪಾದನೆ ಹೆಚ್ಚುತ್ತದೆ ಎಂಬುದು ಇಂದು ಬಹುಮಂದಿ ಒಪ್ಪುವ ವಿವರಣೆ. ಹಲ್ಲು ಸರಿಯಬೇಕಾದರೆ ಒಂದು ಬದಿಯಲ್ಲಿ ಮೂಳೆ ಕರಗಬೇಕು, ಇನ್ನೊಂದು ಬದಿಯಲ್ಲಿ ಕಟ್ಟಿಕೊಳ್ಳಬೇಕು. ಎರಡೂ ಕೋಶಗಳೇ ಮಾಡುವ ಕೆಲಸವಾದ್ದರಿಂದ, ಆ ಕೋಶಗಳನ್ನು ಚುರುಕುಗೊಳಿಸಿದರೆ ಚಿಕಿತ್ಸೆಯೂ ಚುರುಕಾದೀತು ಎಂಬುದು ತರ್ಕ.

ತರ್ಕ ಚೆನ್ನಾಗಿದೆ, ತೊಡಕಿರುವುದು ಪ್ರಮಾಣದಲ್ಲಿ. ಗೊಬ್ಬರ ಕಡಿಮೆಯಾದರೆ ಬೆಳೆ ಏಳುವುದಿಲ್ಲ, ಹೆಚ್ಚಾದರೆ ಸುಟ್ಟುಹೋಗುತ್ತದೆ ಎನ್ನುವುದು ರೈತಾಪಿ ಮನೆಯವರಿಗೆಲ್ಲ ಗೊತ್ತಿರುವ ವಿಷಯ. ಈ ಬೆಳಕಿನದೂ ಅದೇ ನಡತೆ: ಹದವಾದ ಪ್ರಮಾಣ ಕೋಶವನ್ನು ಪ್ರಚೋದಿಸುತ್ತದೆ, ಅದನ್ನು ಮೀರಿದರೆ ತಡೆಯುತ್ತದೆ. 100 ಮಿಲಿವ್ಯಾಟ್ ಬೆಳಕನ್ನು 10 ಸೆಕೆಂಡು ಹಾಯಿಸಿದರೆ 1 ಜೂಲ್ ಶಕ್ತಿ ಕೊಟ್ಟಂತೆ. ಆದರೆ ಅದನ್ನು ಎಷ್ಟು ಅಗಲದ ಜಾಗದ ಮೇಲೆ ಕೊಟ್ಟರು, ಎಷ್ಟು ದಿನಕ್ಕೊಮ್ಮೆ ಕೊಟ್ಟರು, ಅದರಲ್ಲಿ ಎಷ್ಟು ಮೂಳೆಯ ತನಕ ಇಳಿಯಿತು ಎಂಬುದರ ಮೇಲೆ ಫಲ ಬದಲಾಗುತ್ತದೆ. ಇವನ್ನೆಲ್ಲ ಎಷ್ಟಿಡಬೇಕು ಎಂಬುದರ ಬಗ್ಗೆ ಜಗತ್ತಿನ ಎಲ್ಲ ತಜ್ಞರೂ ಒಪ್ಪಿದ ಒಂದು ಪಟ್ಟಿ ಇನ್ನೂ ಸಿದ್ಧವಾಗಿಲ್ಲ.

ಹಲ್ಲು ಸರಿಸುವ ವಿಷಯದಲ್ಲೇ ಇದರ ಪರಿಣಾಮ ನೋಡಿ. ಬ್ರೆಜಿಲ್‌ನ ಸಂಶೋಧಕರು 2004ರಲ್ಲಿ 11 ಜನರ ಕೋರೆಹಲ್ಲುಗಳನ್ನು ಹಿಂದಕ್ಕೆ ಎಳೆಯುವಾಗ ಒಂದು ಬದಿಗೆ ಮಾತ್ರ 780 ನ್ಯಾನೊಮೀಟರ್ ಲೇಸರ್ ಕೊಟ್ಟರು. ಆ ಬದಿಯ ಹಲ್ಲು ಇನ್ನೊಂದಕ್ಕಿಂತ ಸುಮಾರು ಮೂರನೇ ಒಂದು ಪಾಲಿನಷ್ಟು ವೇಗವಾಗಿ ಸರಿಯಿತು. ಎರಡು ವರ್ಷಗಳ ನಂತರ ಥಾಯ್ಲೆಂಡಿನಲ್ಲಿ 12 ಜನರ ಮೇಲೆ, 860 ನ್ಯಾನೊಮೀಟರಿನ ಬೆಳಕನ್ನು ಬೇರೆ ಪ್ರಮಾಣದಲ್ಲಿ ಬಳಸಿ ಅದೇ ಬಗೆಯ ಪ್ರಯೋಗ ಮಾಡಿದಾಗ ಎರಡೂ ಬದಿಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಅಂದಿನಿಂದ ಹತ್ತಾರು ಪ್ರಯೋಗಗಳಾಗಿವೆ. ಅವುಗಳನ್ನು ಸೋಸಿ ತೂಗಿದ ಕಾಕ್ರೇನ್ ಸಂಸ್ಥೆಯ 2023ರ ಅವಲೋಕನವು, ಒಟ್ಟು ಚಿಕಿತ್ಸೆಯ ಅವಧಿಯನ್ನು ಬೆಳಕು ಕಡಿಮೆ ಮಾಡುತ್ತದೆ ಎನ್ನಲು ಆಧಾರ ಸಾಲದು, ಕೆಲವು ಬಿಡಿ ಹಂತಗಳಲ್ಲಿ ಅಲ್ಪ ಲಾಭವಿರಬಹುದು, ಆದರೆ ಆ ಲಾಭ ರೋಗಿಗೆ ಅನುಭವಕ್ಕೆ ಬರುವಷ್ಟು ದೊಡ್ಡದೇ ಎಂಬುದು ಅನುಮಾನ ಎಂಬ ತೀರ್ಮಾನಕ್ಕೆ ಬಂದಿದೆ. ಲೆಕ್ಕ ಹಾಕಿದರೂ ಇದು ಅರ್ಥವಾಗುತ್ತದೆ. ತಿಂಗಳಿಗೆ 1 ಮಿಲಿಮೀಟರ್ ಸರಿಯುವ ಹಲ್ಲು 1.3 ಮಿಲಿಮೀಟರ್ ಸರಿದರೆ, 6 ಮಿಲಿಮೀಟರ್ ಜಾಗ ಮುಚ್ಚುವಲ್ಲಿ ಉಳಿಯುವುದು ಒಂದೂವರೆ ತಿಂಗಳಿಗಿಂತಲೂ ಕಡಿಮೆ. ಎರಡು ವರ್ಷದ ಚಿಕಿತ್ಸೆ ಅದರಿಂದ ಒಂದು ವರ್ಷಕ್ಕೆ ಇಳಿಯುವುದಿಲ್ಲ. ಬೆಳಕು ಹಾಯಿಸಿಕೊಳ್ಳಲು ತಿಂಗಳಿಗೆ ಹಲವು ಬಾರಿ ಶಾಲೆ ಬಿಡಿಸಿ, ಬಸ್ಸು ಹತ್ತಿಸಿ ಮಗುವನ್ನು ಕರೆದೊಯ್ಯಬೇಕಾದರೆ ಆ ಸಮಯವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಇದು ಹಲ್ಲಿನ ಮಾತಾಯಿತು. ನಿಮಗೆ ಹೇಳಿರುವುದು ದವಡೆ ಬೆಳೆಯುತ್ತದೆ ಎಂದು. ಅದಕ್ಕಿರುವ ಆಧಾರ ಇನ್ನೂ ತೆಳುವಾದದ್ದು. ಇಲಿ ಮತ್ತು ಮೊಲಗಳ ಕೆಳದವಡೆಯನ್ನು ಮುಂದಕ್ಕೆ ತರುವ ಸಾಧನ ಹಾಕಿ, ದವಡೆಕೀಲಿಗೆ ಲೇಸರ್ ಕೊಟ್ಟಾಗ ಅಲ್ಲಿನ ಮೃದ್ವಸ್ಥಿ ದಪ್ಪವಾದದ್ದನ್ನು, ಹೊಸ ಮೂಳೆ ಹೆಚ್ಚಾದದ್ದನ್ನು ಕೆಲವು ಪ್ರಯೋಗಾಲಯಗಳು ವರದಿ ಮಾಡಿವೆ. ನಾನು ಆ ವರದಿಗಳನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಇಲಿಯ ದವಡೆಕೀಲು ತೆಳುವಾದ ಚರ್ಮದ ಕೆಳಗೇ ಸಿಗುತ್ತದೆ, ಮಗುವಿನಲ್ಲಿ ಅದರ ಮೇಲೆ ಚರ್ಮ, ಕೊಬ್ಬು, ಸ್ನಾಯು, ಜೊಲ್ಲುಗ್ರಂಥಿಯ ಭಾಗ ಎಲ್ಲವೂ ಇವೆ. ಬೆಳಕು ಪ್ರತಿ ಪದರದಲ್ಲೂ ಚೆದುರುತ್ತ, ಹೀರಿಹೋಗುತ್ತ ಕೀಲಿನ ತನಕ ತಲುಪುವ ಹೊತ್ತಿಗೆ ಸ್ವಲ್ಪವೇ ಉಳಿದಿರುತ್ತದೆ. ಇಲಿಗೆ ಕೆಲವು ವಾರಗಳಲ್ಲಿ ಮುಗಿಯುವ ಬೆಳವಣಿಗೆ ಮನುಷ್ಯನಲ್ಲಿ ವರ್ಷಗಟ್ಟಲೆ ನಡೆಯುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಮನುಷ್ಯರಲ್ಲಿ ಇದನ್ನು ಅಳೆಯುವುದಕ್ಕೇ ಒಂದು ತೊಡಕಿದೆ. ಕೋರೆಹಲ್ಲಿನ ಪ್ರಯೋಗದಲ್ಲಿ ಒಂದೇ ಬಾಯಿಯ ಬಲಗಡೆಗೆ ಬೆಳಕು ಕೊಟ್ಟು ಎಡಗಡೆಯನ್ನು ಹೋಲಿಕೆಗೆ ಇಟ್ಟುಕೊಳ್ಳಬಹುದು. ಕೆಳದವಡೆ ಒಂದೇ ಮೂಳೆ, ಅದರ ಎರಡೂ ಕೀಲುಗಳು ಒಟ್ಟಿಗೆ ನಡೆಯುವಂಥವು. ಆದ್ದರಿಂದ ಬೆಳಕು ಪಡೆದ ಮಕ್ಕಳದೊಂದು ಗುಂಪು, ಪಡೆಯದ ಮಕ್ಕಳದೊಂದು ಗುಂಪು ಬೇಕು. ಎರಡೂ ಗುಂಪಿನವರು ಬೆಳವಣಿಗೆಯ ಒಂದೇ ಹಂತದಲ್ಲಿರಬೇಕು, ಪ್ಲೇಟನ್ನು ಹೆಚ್ಚುಕಡಿಮೆ ಅಷ್ಟೇ ಗಂಟೆ ಹಾಕಿಕೊಂಡಿರಬೇಕು, ಆಮೇಲೆ ಬೆಳವಣಿಗೆ ನಿಲ್ಲುವ ತನಕ ಅವರನ್ನು ಗಮನಿಸುತ್ತಿರಬೇಕು. ಈ ಕೊನೆಯದು ಬಹಳ ಮುಖ್ಯ. ಏಕೆಂದರೆ ಬೆಳಕಿಲ್ಲದೆ ಬರೀ ಪ್ಲೇಟ್ ಹಾಕಿಕೊಂಡ ಮಕ್ಕಳಲ್ಲೂ ಮೊದಲ ವರ್ಷ ದವಡೆ ಬೇಗ ಬೆಳೆದಂತೆ ಕಂಡು, ಮುಂದಿನ ವರ್ಷಗಳಲ್ಲಿ ಆ ಮುನ್ನಡೆಯ ಬಹುಭಾಗ ಉಳಿಯದೇ ಹೋಗುವುದನ್ನು ದೀರ್ಘಕಾಲದ ಅಧ್ಯಯನಗಳು ತೋರಿಸಿವೆ. ಮುಂದೆ ಬೆಳೆಯಬೇಕಾದದ್ದೇ ಕೊಂಚ ಮೊದಲು ಬೆಳೆದಿರುತ್ತದೆ. ಹೀಗಾಗಿ ಆರು ತಿಂಗಳ ಫೋಟೊ, ಎಕ್ಸ್-ರೇ ತೋರಿಸಿ ಬೆಳಕಿನಿಂದ ದವಡೆ ಬೆಳೆಯಿತು ಎನ್ನುವುದನ್ನು ನಾನು ಒಪ್ಪಲಾರೆ. ಬೆಳೆಯುವ ವಯಸ್ಸಿನ ಮಗುವಿನ ದವಡೆ ಆರು ತಿಂಗಳಲ್ಲಿ ಹೇಗೂ ಬೆಳೆದಿರುತ್ತದೆ.

ಬೆಳಕಿಗೆ ತಕ್ಕ ಕೆಲಸ ಇರಬಹುದು ಎಂದು ನನಗೆ ಅನ್ನಿಸುವ ಜಾಗ ಬೇರೆಯಿದೆ, ಅದು ಅಂಗುಳ. ಮೇಲ್ದವಡೆ ಬಹಳ ಕಿರಿದಾಗಿರುವ ಮಕ್ಕಳಿಗೆ ಅಂಗುಳದ ನಡುಗೆರೆಯನ್ನು ಸ್ಕ್ರೂ ಇರುವ ಸಾಧನದಿಂದ ಬೇಗ ಬೇಗ ಅಗಲಿಸುತ್ತೇವೆ. ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದಾಗಲೆಲ್ಲ ಸುಮಾರು ಕಾಲು ಮಿಲಿಮೀಟರಿನಂತೆ ನಡುವಿನ ಬೆಸುಗೆ ತೆರೆದುಕೊಳ್ಳುತ್ತದೆ. ಆ ಬಿರುಕಿನಲ್ಲಿ ಹೊಸ ಮೂಳೆ ತುಂಬುವ ತನಕ, ಅಂದರೆ ಮೂರರಿಂದ ಆರು ತಿಂಗಳು, ಸಾಧನವನ್ನು ಹಾಗೇ ಬಿಡಬೇಕು. ಇಲಿಗಳಲ್ಲಿ ಈ ಜಾಗಕ್ಕೆ ಮಂದ ಲೇಸರ್ ಕೊಟ್ಟಾಗ ಮೂಳೆ ತುಂಬುವುದು ಚುರುಕಾಯಿತು ಎಂದು ಜಪಾನಿನ ಸಂಶೋಧಕರು 1997ರಲ್ಲೇ ತೋರಿಸಿದ್ದರು, ಆಮೇಲೆ ಮಕ್ಕಳ ಮೇಲಿನ ಕೆಲವು ಸಣ್ಣ ಅಧ್ಯಯನಗಳೂ ಅದೇ ದಿಕ್ಕಿನಲ್ಲಿವೆ. ಇದು ನಂಬಲು ಅರ್ಹವಾಗಿ ಕಾಣುವುದಕ್ಕೆ ಕಾರಣವಿದೆ: ಅಂಗುಳ ತೆಳುವಾಗಿದೆ, ಬೆಳಕನ್ನು ನೇರವಾಗಿ ಅದಕ್ಕೆ ಹಿಡಿಯಬಹುದು, ಅಲ್ಲಿ ಬೇಕಾದದ್ದು ಮೂಳೆ ಕಟ್ಟುವ ಒಂದೇ ಕೆಲಸ. ಆದರೆ ನಿಮ್ಮ ಮಗಳ ಟ್ವಿನ್ ಬ್ಲಾಕಿನ ಮೇಲಿನ ಪ್ಲೇಟಿನಲ್ಲಿ ಸ್ಕ್ರೂ ಇದ್ದರೂ, ಅದು ವಾರಕ್ಕೊಮ್ಮೆಯೋ ಎರಡು ಸಲವೋ ತಿರುಗಿಸುವ ನಿಧಾನದ ಅಗಲಿಕೆ. ಕೆಳದವಡೆ ಮುಂದೆ ಬಂದಾಗ ಅದರ ಅಗಲಕ್ಕೆ ಮೇಲ್ದವಡೆ ಹೊಂದಲಿ ಎಂಬುದಷ್ಟೇ ಅದರ ಉದ್ದೇಶ. ಅದಕ್ಕೆ ಲೇಸರಿನ ಅಗತ್ಯ ಬೀಳುವುದಿಲ್ಲ.

ನೋವಿನ ವಿಷಯದಲ್ಲೂ ಬೆಳಕಿಗೆ ಸ್ವಲ್ಪ ಬೆಲೆ ಕೊಡಬಹುದು. ಕ್ಲಿಪ್ ಹಾಕಿಸಿದ ಮೊದಲ ಒಂದೆರಡು ದಿನ ಹಲ್ಲು ಬಹಳ ನೋಯುತ್ತದೆ, ವಾರದೊಳಗೆ ತಾನಾಗಿ ಇಳಿಯುತ್ತದೆ. ಆ ದಿನಗಳಲ್ಲಿ ಮಂದ ಲೇಸರ್ ನೋವನ್ನು ತಗ್ಗಿಸಬಹುದು ಎನ್ನಲು ಆಧಾರವಿದೆ, ಆ ಆಧಾರವೂ ಬಲವಾದದ್ದೇನಲ್ಲ. ಒಂದು ಪ್ಯಾರಸಿಟಮಾಲ್ ಮಾತ್ರೆ, ಎರಡು ದಿನ ಗಂಜಿ ಅಥವಾ ಮೊಸರನ್ನದಿಂದ ಹೆಚ್ಚಿನ ಮಕ್ಕಳು ಸುಧಾರಿಸಿಕೊಳ್ಳುತ್ತಾರೆ. ನಿಮ್ಮ ವೈದ್ಯರ ಬಳಿ ಉಪಕರಣವಿದ್ದು, ಬೇರೆ ಶುಲ್ಕವಿಲ್ಲದೆ ನೋವಿಗೆಂದು ಒಂದೆರಡು ಸಲ ಬಳಸಿದರೆ ನನ್ನ ಆಕ್ಷೇಪವಿಲ್ಲ.

ಅಪಾಯದ ಬಗ್ಗೆ ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಈ ಬೆಳಕು ಎಕ್ಸ್-ರೇಯಂತೆ ದೇಹವನ್ನು ತೂರಿಹೋಗುವ ವಿಕಿರಣವಲ್ಲ, ಈ ಪ್ರಮಾಣದಲ್ಲಿ ದವಡೆಗೆ ಕೊಟ್ಟರೆ ಮಿದುಳಿಗೆ ಹಾನಿಯಾಗುವ ಭಯವಿಲ್ಲ. ಕಣ್ಣಿನ ಬಗ್ಗೆ ಮಾತ್ರ ನಿಜವಾದ ಎಚ್ಚರಿಕೆ ಬೇಕು. ಚಿಕಿತ್ಸೆಗೆ ಬಳಸುವ ಹಲವು ಲೇಸರುಗಳು, ನೇರವಾಗಿ ಬಿದ್ದರೆ ಕಣ್ಣಿನ ಅಕ್ಷಿಪಟಲವನ್ನು ಕೆಡಿಸಬಲ್ಲ ವರ್ಗಕ್ಕೆ ಸೇರಿವೆ. ಅವಕೆಂಪು ಬೆಳಕು ಕಾಣದೇ ಇರುವುದರಿಂದ ಕಣ್ಣು ತಾನಾಗಿ ರೆಪ್ಪೆ ಮುಚ್ಚಿ ತನ್ನನ್ನು ಕಾಪಾಡಿಕೊಳ್ಳುವುದಿಲ್ಲ. ಆದ್ದರಿಂದ ಮಗು, ವೈದ್ಯರು, ಸಹಾಯಕರು, ಕೋಣೆಯಲ್ಲಿ ನೀವಿದ್ದರೆ ನೀವು ಕೂಡ, ಆ ತರಂಗಾಂತರಕ್ಕೆಂದೇ ತಯಾರಾದ ಕನ್ನಡಕ ಹಾಕಿಕೊಂಡಿರಬೇಕು. ಸಾಮಾನ್ಯ ತಂಪು ಕನ್ನಡಕ ಸಾಲದು. ಮಗು ಡಾಕ್ಸಿಸೈಕ್ಲಿನ್‌ನಂಥ, ಬೆಳಕಿಗೆ ಮೈ ಸೂಕ್ಷ್ಮವಾಗುವಂತೆ ಮಾಡುವ ಔಷಧಿ ತೆಗೆದುಕೊಳ್ಳುತ್ತಿದ್ದರೆ, ಅಥವಾ ಬಾಯಿಯಲ್ಲಿ ಕಾರಣ ತಿಳಿಯದ ಗಂಟೋ ಹುಣ್ಣೋ ಇದ್ದರೆ ಮೊದಲೇ ತಿಳಿಸಿ. ಅಂತರ್ಜಾಲದಲ್ಲಿ ಸಿಗುವ ಉಪಕರಣವನ್ನು ತರಿಸಿಕೊಂಡು ಮನೆಯಲ್ಲಿ ಮಗುವಿನ ಮುಖಕ್ಕೆ ಹಿಡಿಯುವ ಕೆಲಸ ಖಂಡಿತ ಬೇಡ.

ಆ ಎರಡನೇ ಕ್ಲಿನಿಕ್ಕಿಗೆ ಮತ್ತೆ ಹೋಗುವುದಾದರೆ, ಯಾವ ತರಂಗಾಂತರ, ಪ್ರತಿ ಜಾಗಕ್ಕೆ ಎಷ್ಟು ಜೂಲ್, ಒಟ್ಟು ಎಷ್ಟು ಭೇಟಿ ಎಂದು ಕೇಳಿ. ಅದಕ್ಕಿಂತ ಮುಖ್ಯವಾಗಿ, ಬೆಳಕು ಕೊಡದೇ ಇದ್ದರೆ ನನ್ನ ಮಗಳಿಗೆ ಏನು ಕಡಿಮೆಯಾಗುತ್ತದೆ ಎಂದು ಕೇಳಿ. ತಿಳಿದ ವೈದ್ಯರು ಇದಕ್ಕೆ ಬೇಸರಿಸದೆ ಉತ್ತರ ಹೇಳುತ್ತಾರೆ. ದವಡೆ ಇಷ್ಟು ಮಿಲಿಮೀಟರ್ ಬೆಳೆಯುತ್ತದೆ ಎಂದು ಯಾರಾದರೂ ಖಾತರಿ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ.

ನಿಮ್ಮ ಹಣ, ಸಮಯ, ಗಮನ ಮೂರನ್ನೂ ನಾನು ಹಾಕಿಸಬಯಸುವುದು ಒಂದೇ ಕಡೆಗೆ: ಪ್ಲೇಟು ದಿನಕ್ಕೆ ಎಷ್ಟು ಗಂಟೆ ಬಾಯಲ್ಲಿ ಇರುತ್ತದೆ ಎಂಬುದರ ಕಡೆಗೆ. ಟ್ವಿನ್ ಬ್ಲಾಕನ್ನು ಊಟದ ಹೊತ್ತಿನಲ್ಲೂ ಸೇರಿ ದಿನವಿಡೀ ಹಾಕಿಕೊಳ್ಳುವಂತೆಯೇ ರೂಪಿಸಲಾಗಿದೆ. ಪ್ಲೇಟಿನೊಳಗೆ ಸಣ್ಣ ಸಂವೇದಕ ಹುದುಗಿಸಿ ಅಳೆದವರಿಗೆ ಸಿಕ್ಕ ಉತ್ತರ, ಮಕ್ಕಳು ತಾವು ಹೇಳುವುದಕ್ಕಿಂತ ಬಹಳ ಕಡಿಮೆ ಹೊತ್ತು ಹಾಕಿಕೊಳ್ಳುತ್ತಾರೆ ಎಂಬುದು. ಅವರನ್ನು ದೂರಿ ಫಲವಿಲ್ಲ, ಮೊದಲ ವಾರ ನಿಜಕ್ಕೂ ಕಷ್ಟ. ಜೊಲ್ಲು ಸುರಿಯುತ್ತದೆ, ಸ, ಶ, ಚ, ಜ ಅಕ್ಷರಗಳು ತೊದಲುತ್ತವೆ, ತರಗತಿಯಲ್ಲಿ ಎದ್ದು ನಿಂತು ಓದಲು ಮಗು ನಾಚುತ್ತದೆ. ಸಾಧ್ಯವಾದರೆ ರಜೆಯ ಆರಂಭದಲ್ಲಿ ಹಾಕಿಸಿ, ಪ್ರತಿದಿನ ಅರ್ಧ ಗಂಟೆ ಪಾಠವನ್ನು ಜೋರಾಗಿ ಓದಿಸಿ. ಹತ್ತು ದಿನದಲ್ಲಿ ಮಾತು ಹತೋಟಿಗೆ ಬರುತ್ತದೆ. ಊಟಕ್ಕೆ ಮುದ್ದೆ, ಅನ್ನ-ಸಾರು, ಇಡ್ಲಿ ಸುಲಭ. ಚಕ್ಕುಲಿ, ಕೋಡುಬಳೆ, ಕಡಲೆಮಿಠಾಯಿ ಪ್ಲೇಟನ್ನು ಮುರಿಯುತ್ತವೆ. ಬಿಸಿನೀರಿನಲ್ಲಿ ತೊಳೆದರೆ ಅಕ್ರಿಲಿಕ್ ಸೊಟ್ಟಗಾಗುತ್ತದೆ, ತಣ್ಣೀರು ಮತ್ತು ಮೆತ್ತನೆಯ ಬ್ರಷ್ ಸಾಕು. ತಿಂಗಳಲ್ಲಿ ಮಗು ಎಷ್ಟು ಎತ್ತರವಾದಳು ಎಂದು ಗೋಡೆಯ ಮೇಲೆ ಗೆರೆ ಹಾಕಿಡಿ. ಅವಳು ಬೇಗ ಎತ್ತರವಾಗುತ್ತಿರುವ ತಿಂಗಳುಗಳಲ್ಲಿ ಪ್ಲೇಟನ್ನು ಒಂದು ದಿನವೂ ಬಿಡಬಾರದು.

ಇನ್ನು ನಿಮ್ಮ ದವಡೆಯ ಮಾತು. 38ನೇ ವಯಸ್ಸಿನಲ್ಲಿ ಕೆಳದವಡೆಯ ಬೆಳವಣಿಗೆ ಮುಗಿದು ಬಹಳ ವರ್ಷಗಳಾಗಿರುತ್ತವೆ. ಬೆಳಕಾಗಲಿ, ಪ್ಲೇಟಾಗಲಿ ಅದನ್ನು ಮತ್ತೆ ಬೆಳೆಸಲಾರವು. ನಿಮ್ಮ ಮುಂದಿರುವುದು ಎರಡು ದಾರಿ: ಕ್ಲಿಪ್ ಹಾಕಿಸಿ, ಕೆಲವೊಮ್ಮೆ ಎರಡು ಹಲ್ಲು ತೆಗೆಸಿ ಮೇಲಿನ ಹಲ್ಲುಗಳನ್ನು ಹಿಂದಕ್ಕೆ ತರುವುದು, ಇಲ್ಲವೇ ಕ್ಲಿಪ್ಪಿನ ಜೊತೆಗೆ ಶಸ್ತ್ರಚಿಕಿತ್ಸೆ ಮಾಡಿಸಿ ಕೆಳದವಡೆಯನ್ನೇ ಮುಂದಕ್ಕೆ ಕೂರಿಸುವುದು. ಅಗಿಯಲು ತೊಂದರೆಯಿಲ್ಲದೆ, ಒಸಡು ಆರೋಗ್ಯವಾಗಿದ್ದು, ನಿಮ್ಮ ಮುಖದ ಬಗ್ಗೆ ನಿಮಗೆ ಬೇಸರವಿಲ್ಲದಿದ್ದರೆ ಏನನ್ನೂ ಮಾಡಿಸದೆ ಇರುವುದೂ ಸರಿಯೇ. ನಿದ್ದೆಯಲ್ಲಿ ಜೋರಾಗಿ ಗೊರಕೆ ಬಂದು, ಉಸಿರು ಕಟ್ಟಿದಂತಾಗಿ ಎಚ್ಚರವಾಗುವುದುಂಟೇ ಎಂದು ಮನೆಯವರನ್ನು ಒಮ್ಮೆ ಕೇಳಿ ನೋಡಿ. ಹಿಂದೆ ಸರಿದ ಕೆಳದವಡೆ ಇರುವವರಲ್ಲಿ ಅದು ಸಾಮಾನ್ಯ. ಹಾಗಿದ್ದರೆ ಹಲ್ಲಿನ ಸೊಗಸಿಗಿಂತ ಮೊದಲು ನಿದ್ದೆಯ ಪರೀಕ್ಷೆ ಮಾಡಿಸಿಕೊಳ್ಳಬೇಕು.